ಆರು ಜನರಿಗೆ ಒಂದೇ ಮೋಟರ್‌ಹೋಮ್ ಸಾಕಾದೀತೇ? ಬ್ಲ್ಯಾಕ್ ಫಾರೆಸ್ಟ್, ಬೋಡನ್‌ಸೇ ಪ್ರವಾಸಕ್ಕೆ ಸಲಹೆ ಬೇಕು

ಶರಾವತಿತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವು ಜರ್ಮನಿಯ ಸ್ಟುಟ್‌ಗಾರ್ಟ್ ಬಳಿ ನೆಲೆಸಿದ್ದೇವೆ. ಮನೆಯಲ್ಲಿ ನಾನು, ನಮ್ಮ ಯಜಮಾನರು, ಒಂಬತ್ತು ಮತ್ತು ಐದು ವರ್ಷದ ಇಬ್ಬರು ಮಕ್ಕಳು. ಪೆಂಟಕೋಸ್ಟ್ ಎಂಬ ಕ್ರೈಸ್ತ ಹಬ್ಬದ ರಜೆಯ ಹೊತ್ತಿಗೆ ಸಾಗರದಿಂದ ಅತ್ತೆ-ಮಾವ ಬರುತ್ತಿದ್ದಾರೆ. ವಾರಾಂತ್ಯಗಳಲ್ಲಿ ನಾವು ಬುತ್ತಿ ಕಟ್ಟಿಕೊಂಡು ರೈಲು ಹತ್ತಿ, ಸಂಜೆಗೆ ಮನೆ ಸೇರಬಹುದಾದ ಜಾಗಗಳಿಗೇ ಹೋಗುವುದು ರೂಢಿ: ಬಾಡ್ ಉರಾಖ್ ಜಲಪಾತ, ಬ್ಲೌಬೊಯ್ರನ್‌ನ ನೀಲಿ ಕೊಳ, ವಿಲ್‌ಹೆಲ್ಮಾ ಮೃಗಾಲಯ. ಈ ಸಲ ಹಿರಿಯರೂ ಜೊತೆಗಿರುವುದರಿಂದ ಮಲಗಲು, ಅಡುಗೆ ಮಾಡಲು ಅನುಕೂಲವಿರುವ ಮೋಟರ್‌ಹೋಮ್ ಬಾಡಿಗೆಗೆ ಪಡೆದು ಬ್ಲ್ಯಾಕ್ ಫಾರೆಸ್ಟ್ ಕಾಡುಪ್ರದೇಶ, ಬೋಡನ್‌ಸೇ ಸರೋವರ, ಸ್ವಿಟ್ಜರ್ಲೆಂಡ್, ಸಾಧ್ಯವಾದರೆ ಉತ್ತರ ಇಟಲಿಯನ್ನೂ ಎರಡು ವಾರಗಳಲ್ಲಿ ನೋಡಿ ಬರೋಣವೆಂದು ಯಜಮಾನರು ಹೇಳುತ್ತಿದ್ದಾರೆ. ಮಾವನವರಿಗೆ ಮಂಡಿನೋವು ಇದೆ, ಅತ್ತೆಯವರು ಹೊರಗಿನ ಊಟ ಮಾಡುವುದಿಲ್ಲ. ಜರ್ಮನ್ ಪರವಾನಗಿ ಇರುವುದು ನನ್ನೊಬ್ಬಳ ಬಳಿ, ಅದೂ ಬಿ ದರ್ಜೆಯದು. ಆರು ಹಾಸಿಗೆಗಳಿರುವ ಗಾಡಿಯೊಂದನ್ನು ನೋಡಿಟ್ಟಿದ್ದೇವೆ. ಇದು ನಡೆಯುವ ಮಾತೇ, ಅಥವಾ ಮನೆಯಿಂದಲೇ ದಿನಕ್ಕೊಂದು ಊರು ತೋರಿಸುವುದು ಮೇಲೇ?

ಗಾಡಿಗಾಲು

ಮೇಡಂ, ಹಾಸಿಗೆಗಳ ಲೆಕ್ಕವನ್ನು ಪಕ್ಕಕ್ಕಿಟ್ಟು ಮೊದಲು ಗಾಡಿಯ ನೋಂದಣಿ ಪತ್ರದ ಪ್ರತಿಯನ್ನು ಬಾಡಿಗೆ ಸಂಸ್ಥೆಯಿಂದ ಕೇಳಿ ತರಿಸಿಕೊಳ್ಳಿ. ಅದರಲ್ಲಿ ಎಸ್.1 ಎಂಬ ಅಂಕಣದಲ್ಲಿರುವುದು ಚಾಲಕರೂ ಸೇರಿದಂತೆ ಕೂರಬಹುದಾದವರ ಸಂಖ್ಯೆ. ಆರು ಜನ ಮಲಗಬಹುದಾದ ಗಾಡಿಯಲ್ಲಿ ಬೆಲ್ಟ್ ಇರುವ ಆಸನಗಳು ನಾಲ್ಕೇ ಇರುವುದು ಅಪರೂಪವೇನಲ್ಲ. ಮಕ್ಕಳಿಬ್ಬರಿಗೂ ಮಕ್ಕಳ ಆಸನ ಬೇಕು; ಹನ್ನೆರಡು ವರ್ಷ ತುಂಬುವವರೆಗೆ ಅಥವಾ 150 ಸೆಂ.ಮೀ. ಎತ್ತರ ದಾಟುವವರೆಗೆ ಇಲ್ಲಿ ಅದು ಕಡ್ಡಾಯ.

ಆಸನಗಳು ಆರಿದ್ದರೂ ತೂಕದ ತೊಡಕು ತೀರುವುದಿಲ್ಲ. ಬಿ ದರ್ಜೆಯ ಪರವಾನಗಿಯಲ್ಲಿ ಓಡಿಸಬಹುದಾದ ಬಾಡಿಗೆ ಗಾಡಿಗಳ ಒಟ್ಟು ತೂಕದ ಮಿತಿ 3,500 ಕೆ.ಜಿ. ಅದೇ ಪತ್ರದ ಜಿ ಅಂಕಣದಲ್ಲಿ ಗಾಡಿಯ ಸ್ವಂತ ತೂಕವಿರುತ್ತದೆ. ಚಾಲಕರಿಗೆಂದು 75 ಕೆ.ಜಿ., ಇಂಧನ, ಸ್ವಲ್ಪ ನೀರು ಅದರಲ್ಲೇ ಸೇರಿರುತ್ತವೆ. ಮುಂಭಾಗದ ಮಾಡಿನ ಮೇಲೆ ಹಾಸಿಗೆಯಿರುವ ದೊಡ್ಡ ಗಾಡಿಗಳಲ್ಲಿ ಈ ಅಂಕಿ 3,000 ಕೆ.ಜಿ.ಯ ಆಸುಪಾಸಿನಲ್ಲಿರುತ್ತದೆ. ಉಳಿದ ನಾಲ್ಕೈದು ನೂರು ಕೆ.ಜಿ.ಯಲ್ಲಿ ಬಿಸಿಲುಪರದೆ, ಸೈಕಲ್ ಸ್ಟ್ಯಾಂಡ್, ಎರಡನೆಯ ಬ್ಯಾಟರಿ ಇವುಗಳನ್ನು ಕಳೆಯಿರಿ. ಆಮೇಲೆ ನಿಮ್ಮನ್ನು ಬಿಟ್ಟು ಉಳಿದ ಐದು ಜನ, ಮಡಚುವ ಕುರ್ಚಿ-ಮೇಜು, ಅಡುಗೆ ಸಾಮಾನು, ಹಿರಿಯರ ಸೂಟ್‌ಕೇಸುಗಳು. ನೀರಿನ ಟ್ಯಾಂಕನ್ನು ಪೂರ್ತಿ ತುಂಬಿಸಿದರೆ ಅದೇ ಸುಮಾರು ನೂರು ಕೆ.ಜಿ. ಮಿತಿ ದಾಟುವುದಕ್ಕೆ ಇಷ್ಟು ಸಾಕು. ಹೆದ್ದಾರಿಯಲ್ಲಿ ಗಾಡಿ ನಿಲ್ಲಿಸಿ ತೂಗುವ ಪದ್ಧತಿ ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್‌ಗಳಲ್ಲೂ ಇದೆ. ದಂಡವಂತೂ ಸರಿಯೇ, ಹೆಚ್ಚುವರಿ ಸಾಮಾನನ್ನು ಇಳಿಸಿದ ಮೇಲಷ್ಟೇ ಮುಂದಕ್ಕೆ ಬಿಡುವುದೂ ಉಂಟು.

ಯಜಮಾನರ ಬಳಿ ಇರುವುದು ಭಾರತದ ಪರವಾನಗಿಯಾದರೆ, ಇಲ್ಲಿ ವಾಸ ಆರಂಭಿಸಿದ ಆರು ತಿಂಗಳ ನಂತರ ಅದು ಚಾಲನೆಗೆ ಒದಗುವುದಿಲ್ಲ. ಅಂದರೆ ಎರಡು ವಾರವೂ ನೀವೊಬ್ಬರೇ ಸಾರಥಿ. ಏಳು ಮೀಟರ್ ಉದ್ದ, ಮೂರು ಮೀಟರ್ ಎತ್ತರದ ಗಾಡಿಯನ್ನು ಇಟಲಿಯವರೆಗೆ ಒಬ್ಬರೇ ಓಡಿಸುವ ಯೋಜನೆಯನ್ನು ನಾನಾಗಿದ್ದರೆ ಇಲ್ಲಿಗೇ ಕೈಬಿಡುತ್ತಿದ್ದೆ.

ಕಾವೇರಿಕೊಳ್ಳ

ತೂಕದ ವಿಷಯದಲ್ಲಿ ಮೇಲಿನವರ ಮಾತು ಸರಿ. ಆದರೆ ಅದಕ್ಕಾಗಿ ಮೋಟರ್‌ಹೋಮ್ ಆಸೆಯನ್ನೇ ಬಿಡಬೇಕಾಗಿಲ್ಲ. ನಾಲ್ವರಿಗೆ ಸಾಲುವ ಗಾಡಿಯನ್ನು ತೆಗೆದುಕೊಳ್ಳಿ, ಹಿರಿಯರಿಗೆ ಅದೇ ಕ್ಯಾಂಪಿಂಗ್ ತಾಣದಲ್ಲಿ ಬಾಡಿಗೆಗೆ ಸಿಗುವ ಪುಟ್ಟ ಮನೆಯೊಂದನ್ನು ಕಾದಿರಿಸಿ. ಯಜಮಾನರು ಅವರನ್ನು ರೈಲಿನಲ್ಲಿ ಕರೆತರಲಿ, ನೀವು ಮಕ್ಕಳೊಂದಿಗೆ ಗಾಡಿಯಲ್ಲಿ ಬನ್ನಿ.

ಒಂದೆರಡು ಕಡೆ ಮಾತ್ರ ಬೀಡುಬಿಟ್ಟು, ನಿಮ್ಮ ವಾರಾಂತ್ಯದ ರೂಢಿಯನ್ನೇ ಅಲ್ಲಿಂದ ಮುಂದುವರಿಸುವುದು ಎಲ್ಲಕ್ಕಿಂತ ಸುಖ. ಬ್ಲ್ಯಾಕ್ ಫಾರೆಸ್ಟಿನ ಟಿಟಿಸೇ ಸರೋವರದ ದಡದಲ್ಲೇ ಕ್ಯಾಂಪಿಂಗ್ ತಾಣಗಳಿವೆ. ಅಲ್ಲಿ ರಾತ್ರಿ ತಂಗುವ ಅತಿಥಿಗಳಿಗೆ ಕೋನುಸ್ ಎಂಬ ಕಾರ್ಡ್ ಕೊಡುತ್ತಾರೆ. ಅದನ್ನು ತೋರಿಸಿದರೆ ಆ ಪ್ರದೇಶದ ಬಸ್ಸು ಮತ್ತು ಸ್ಥಳೀಯ ರೈಲುಗಳಲ್ಲಿ ಟಿಕೆಟ್ ಕೊಳ್ಳಬೇಕಾಗಿಲ್ಲ. ಟಿಟಿಸೇಯಿಂದ ಫ್ರೈಬುರ್ಗ್‌ಗೆ ಇಳಿಯುವ ರೈಲು ಹೋಲೆನ್‌ಟಾಲ್ ಕಣಿವೆಯ ಸುರಂಗಗಳನ್ನು ದಾಟಿ ಸುಮಾರು ಮುಕ್ಕಾಲು ಗಂಟೆಯಲ್ಲಿ ಊರು ಮುಟ್ಟುತ್ತದೆ. ಇನ್ನೊಂದು ಕವಲು ಶ್ಲುಖ್‌ಸೇ ಸರೋವರದ ದಂಡೆಗುಂಟ ಸಾಗುತ್ತದೆ. ಸಕಲೇಶಪುರದ ಘಾಟಿಯ ರೈಲು ಕಂಡ ಹಿರಿಯರಿಗೆ ಇದು ಹಿಡಿಸದೇ ಇರದು. ಮೂರು ಮೀಟರ್ ಎತ್ತರದ ಗಾಡಿಯೊಂದಿಗೆ ಫ್ರೈಬುರ್ಗ್‌ನಲ್ಲಿ ಪಾರ್ಕಿಂಗ್ ಹುಡುಕುವ ಕಷ್ಟವೂ ತಪ್ಪುತ್ತದೆ.

ಸ್ವಿಟ್ಜರ್ಲೆಂಡ್‌ಗೆ ಗಾಡಿಯನ್ನು ಒಯ್ಯುವ ಅಗತ್ಯ ನನಗೆ ಕಾಣುವುದಿಲ್ಲ. ಅಲ್ಲಿನ ಹೆದ್ದಾರಿಗೆ 40 ಫ್ರಾಂಕಿನ ವಾರ್ಷಿಕ ವಿನ್ಯೆಟ್, ಅಂದರೆ ರಸ್ತೆ ಶುಲ್ಕದ ಚೀಟಿ, ಬೇಕು, ವಾರಕ್ಕೊಂದು ಎಂಬ ಚಿಕ್ಕ ಅವಧಿಯದು ಸಿಗುವುದಿಲ್ಲ. ಬೋಡನ್‌ಸೇ ಬಳಿ ತಂಗಿದರೆ ಶಾಫ್‌ಹೌಸೆನ್ ಕಡೆಗೆ ರೈಲಿನಲ್ಲಿ ಹೋಗಿ, 150 ಮೀಟರ್ ಅಗಲದ ರೈನ್ ಜಲಪಾತವನ್ನು ನೋಡಿ ಸಂಜೆಗೆ ಮರಳಬಹುದು. ಜೋಗದ ನೆರೆಯವರಿಗೆ 23 ಮೀಟರ್ ಎತ್ತರವನ್ನು ತೋರಿಸಿ ಬೀಗುವಂತಿಲ್ಲ, ಆದರೆ ನೀರಿನ ಮೊತ್ತಕ್ಕೆ ಅವರೂ ತಲೆದೂಗಿಯಾರು. ಪಾಸ್‌ಪೋರ್ಟ್‌ಗಳು ಜೊತೆಯಲ್ಲಿರಲಿ.

ಅಡುಗೆಯ ಬಗ್ಗೆ: ಗಾಡಿಯಲ್ಲಿ ಎರಡು ಅಥವಾ ಮೂರು ಉರಿಯ ಚಿಕ್ಕ ಒಲೆ ಇರುತ್ತದೆ, ಮೂರು ಲೀಟರ್ ಕುಕ್ಕರ್ ಅದರ ಮೇಲೆ ನಿಲ್ಲುತ್ತದೆ. ಒಗ್ಗರಣೆಯನ್ನು ಮಾತ್ರ ಬಾಗಿಲು ತೆರೆದು, ಮಾಡಿನ ಕಿಂಡಿಯನ್ನೂ ತೆರೆದು ಮಾಡಿ. ಇಂಗಿನ ವಾಸನೆ ಮೆತ್ತೆಗಳಿಗೆ ಅಂಟಿದರೆ ಬಾಡಿಗೆ ಸಂಸ್ಥೆಯವರು ಶುಚಿಗೊಳಿಸುವ ಶುಲ್ಕ ಕೇಳಬಹುದು. ಸಾರು, ಮಜ್ಜಿಗೆಯ ಶೇಷವನ್ನು ಸಿಂಕಿಗೆ ಸುರಿಯಬಾರದು, ಏಕೆಂದರೆ ಅದು ಗಾಡಿಯ ಅಡಿಯ ಕೊಳಚೆ ಟ್ಯಾಂಕಿನಲ್ಲೇ ಉಳಿದು ಬಿಸಿಲಿಗೆ ನಾರುತ್ತದೆ. ಪಾತ್ರೆಗಳನ್ನು ತಾಣದ ಸಾರ್ವಜನಿಕ ತೊಟ್ಟಿಯಲ್ಲಿ ತೊಳೆಯುವುದು ಒಳ್ಳೆಯದು. ರಾತ್ರಿ ಹತ್ತರ ನಂತರವೂ, ಅನೇಕ ತಾಣಗಳಲ್ಲಿ ಮಧ್ಯಾಹ್ನ ಒಂದರಿಂದ ಮೂರರವರೆಗೂ ಸದ್ದಿಲ್ಲದಿರಬೇಕು. ಮಧ್ಯಾಹ್ನದ ಆ ಹೊತ್ತಿನಲ್ಲಿ ಗೇಟನ್ನೂ ಮುಚ್ಚುತ್ತಾರೆ, ತಲುಪುವ ವೇಳೆಯನ್ನು ಅದಕ್ಕೆ ಹೊಂದಿಸಿಕೊಳ್ಳಿ.

ಮೈಸೂರಿನ ಅಜ್ಜಿ

ಮಗನ ಮನೆಗೆಂದು ನೆದರ್ಲೆಂಡ್ಸ್‌ಗೆ ಹೋದಾಗ ನಾನೂ ಇಂಥ ಗಾಡಿಯಲ್ಲಿ ತಿರುಗಿದವಳು, ಆದ್ದರಿಂದ ಹಿರಿಯರ ಪರವಾಗಿ ಒಂದು ಮಾತು. ಮಕ್ಕಳೇ, ನಿಮಗೆ ಮಾಡಿನ ಹಾಸಿಗೆ, ಏಣಿ, ಮೇಜು ಮಡಚಿದರೆ ಮಂಚ ಇವೆಲ್ಲ ಚಂದ. ನಮಗೆ ಬೇಕಾದದ್ದು ರಾತ್ರಿ ಎದ್ದರೆ ನಾಲ್ಕು ಹೆಜ್ಜೆಯಲ್ಲಿ ಶೌಚಾಲಯ. ಆ ಒಂದು ವಿಷಯದಲ್ಲಿ ಗಾಡಿಗೇ ನನ್ನ ಮತ. ತಾಣಗಳಲ್ಲಿ ಬಾಡಿಗೆಗೆ ಕೊಡುವ ಮರದ ಗುಡಿಸಲುಗಳಲ್ಲೂ, ಪೀಪಾಯಿಯಾಕಾರದ ಕೋಣೆಗಳಲ್ಲೂ ಬಹಳಷ್ಟಕ್ಕೆ ಶೌಚಾಲಯವಿರುವುದಿಲ್ಲ. ಮಳೆಯಲ್ಲಿ ಕೊಡೆ ಹಿಡಿದು ಸಾರ್ವಜನಿಕ ಕಟ್ಟಡಕ್ಕೆ ನಡೆಯಬೇಕು. ಮಂಡಿನೋವಿನವರಿಗೆ ಅದು ಶಿಕ್ಷೆ. ಮೊಬಿಲ್‌ಹೈಮ್ ಎಂದು ಕರೆಯುವ ಮನೆಗಳಲ್ಲಿ ಸಾಮಾನ್ಯವಾಗಿ ಒಳಗೇ ಇರುತ್ತದೆ, ಅದನ್ನೇ ಕೇಳಿ. ಗಾಡಿಯ ಮೆಟ್ಟಿಲು ಎತ್ತರವಾಗಿರುವುದರಿಂದ ಹಗಲು ಹತ್ತಿಳಿಯಲು ಪಕ್ಕದಲ್ಲಿ ಒಂದು ಸ್ಟೂಲು ಇಟ್ಟುಬಿಡಿ.

ಇನ್ನೊಂದು. ಅತ್ತೆಯವರು ಹೊರಡುವ ಮೊದಲೇ ತಿಳಿಸಿ: ಭಾರತದಿಂದ ತುಪ್ಪ, ಪೇಡ, ಖೋವಾದ ಸಿಹಿ ಸೇರಿದಂತೆ ಹಾಲಿನ ಪದಾರ್ಥಗಳನ್ನು ಯೂರೋಪಿನ ಒಕ್ಕೂಟದೊಳಗೆ ತರುವಂತಿಲ್ಲ, ಕರಿಬೇವಿನ ಸೊಪ್ಪನ್ನೂ ಹಾಗೆಯೇ ಕಟ್ಟಿಕೊಂಡು ಬರುವಂತಿಲ್ಲ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಹಪ್ಪಳ ತರಲಿ. ತುಪ್ಪವನ್ನು ನೀವೇ ಅಲ್ಲಿನ ಬೆಣ್ಣೆ ಕಾಯಿಸಿ ಮಾಡಿಡಿ. ಆ ಬೆಣ್ಣೆಯಲ್ಲಿ ಒಳ್ಳೆಯ ತುಪ್ಪವೇ ಆಗುತ್ತದೆ.

ಗಾಡಿಗಾಲು

ಅಜ್ಜಿಯವರ ಮಾತಿಗೆ ಒಂದು ಸೇರ್ಪಡೆ. ಗಾಡಿಯ ಶೌಚಾಲಯದ ಕೆಳಗಿರುವ ಪೆಟ್ಟಿಗೆ ಹಿಡಿಸುವುದು ಇಪ್ಪತ್ತು ಲೀಟರಿನೊಳಗೆ. ಆರು ಜನ ಬಳಸಿದರೆ ಎರಡು ದಿನಕ್ಕೆ ತುಂಬೀತು. ಅದನ್ನು ಎಳೆದುಕೊಂಡು ಹೋಗಿ, ಅದಕ್ಕೆಂದೇ ಇರುವ ಗುಂಡಿಯಲ್ಲಿ ಖಾಲಿ ಮಾಡಿ ತೊಳೆಯುವ ಕೆಲಸ ಯಾರದೆಂದು ಮನೆಯಲ್ಲೇ ತೀರ್ಮಾನವಾಗಲಿ. ಅಗ್ಗವೆಂದು ಬರೀ ಸ್ಟೆಲ್‌ಪ್ಲಾಟ್ಸ್‌ಗಳನ್ನು (ಮೋಟರ್‌ಹೋಮ್ ನಿಲ್ಲಿಸಿ ರಾತ್ರಿ ಕಳೆಯುವ ಸರಳ ಜಾಗಗಳನ್ನು) ಆರಿಸಿಕೊಂಡರೆ ಸ್ನಾನದ ಕೋಣೆಗಳಿರುವುದು ಖಚಿತವಿಲ್ಲ, ಹಲವೆಡೆ ಕುರ್ಚಿ-ಮೇಜು ಹೊರಗೆ ಹಾಕಲೂ ಬಿಡುವುದಿಲ್ಲ. ಮಕ್ಕಳು-ಹಿರಿಯರು ಇರುವಾಗ ಕ್ಯಾಂಪಿಂಗ್ ತಾಣವೇ ಸರಿ.

ಶರಾವತಿತೀರ

ಎಲ್ಲರಿಗೂ ಧನ್ಯವಾದಗಳು. ನೋಡಿಟ್ಟಿದ್ದ ಗಾಡಿಯ ಪತ್ರ ತರಿಸಿದೆವು: ಎಸ್.1ರಲ್ಲಿ ಐದು ಎಂದಿದೆ, ಅಲ್ಲಿಗೆ ಆ ಚರ್ಚೆ ಮುಗಿಯಿತು. ನಾಲ್ವರ ಗಾಡಿ ಮತ್ತು ಹಿರಿಯರಿಗೊಂದು ಮೊಬಿಲ್‌ಹೈಮ್, ಮೊದಲ ವಾರ ಟಿಟಿಸೇ, ಎರಡನೆಯ ವಾರ ಬೋಡನ್‌ಸೇ ಎಂದು ನಿಶ್ಚಯಿಸಿದ್ದೇವೆ. ಇಟಲಿಯನ್ನು ಯಜಮಾನರೇ ಪಟ್ಟಿಯಿಂದ ಹೊಡೆದುಹಾಕಿದರು. ಶೌಚಾಲಯದ ಪೆಟ್ಟಿಗೆಯ ಜವಾಬ್ದಾರಿಯೂ ಸದ್ಯಕ್ಕೆ ಅವರದ್ದೇ. ಗಾಡಿ ಓಡಿಸುವವಳು ನಾನಾದ್ದರಿಂದ ಹೆಚ್ಚು ವಾದ ನಡೆಯಲಿಲ್ಲ.