ಡೇರಿಯ ಲಾಭವನ್ನು ಬೋನಸ್ ಆಗಿ ಹಂಚಬೇಕೇ, ಕಾಲೋನಿಯ ಉಪಕೇಂದ್ರಕ್ಕೆ ಬಳಸಬೇಕೇ?

ಪ್ರಶ್ನೆ: ಹೊಸ ನಿರ್ದೇಶಕ, ಶ್ರೀನಿವಾಸಪುರ ತಾಲ್ಲೂಕು

ನಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಈ ವರ್ಷ ಒಳ್ಳೆಯ ಲಾಭ ಬಂದಿದೆ. ದಿನಕ್ಕೆ ನಲವತ್ತು ಲೀಟರ್ ಹಾಕುವ ಕೆಲವರು ಅದಷ್ಟನ್ನೂ ಬೋನಸ್ ಆಗಿ ಹಂಚಿಬಿಡಿ ಎನ್ನುತ್ತಿದ್ದಾರೆ. ಊರಿಂದ ಎರಡು ಕಿಲೋಮೀಟರ್ ಆಚೆಗಿರುವ ಕಾಲೋನಿಯ ಹೆಂಗಸರು ಒಂದೊಂದೇ ಹಸು ಕಟ್ಟಿಕೊಂಡು, ಎರಡು ಮೂರು ಲೀಟರ್ ಹಾಲನ್ನು ಡೇರಿಯವರೆಗೆ ನಡೆದೇ ತರುತ್ತಾರೆ. ಅಲ್ಲಿಯೇ ಪರೀಕ್ಷಾ ಯಂತ್ರವಿಟ್ಟು ಉಪಕೇಂದ್ರ ತೆರೆದು, ಹಾಲನ್ನು ಆಟೋದಲ್ಲಿ ತರಿಸಿಕೊಳ್ಳಿ ಎಂಬುದು ಅವರ ಬೇಡಿಕೆ. ಅಲ್ಲಿಂದ ಬರುವ ಹಾಲಿಗೆ ಈ ಖರ್ಚು ಗಿಟ್ಟುವುದಿಲ್ಲ. ಸರ್ವಸದಸ್ಯರ ಸಭೆಯಲ್ಲಿ ಯಾವುದನ್ನು ಮುಂದಿಡಲಿ?

ಉತ್ತರ: ನಿವೃತ್ತ ಕಾರ್ಯದರ್ಶಿ, ಮುಳಬಾಗಿಲು

ಅಷ್ಟನ್ನೂ ಹಂಚುವ ಅಧಿಕಾರ ನಿಮಗಾಗಲಿ ಸಭೆಗಾಗಲಿ ಇಲ್ಲ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಂತೆ ನಿವ್ವಳ ಲಾಭದಲ್ಲಿ ಕನಿಷ್ಠ ಶೇ. 25 ಭಾಗ ಆಪದ್ಧನ ನಿಧಿಗೆ ಹೋಗಬೇಕು, ಸಹಕಾರ ಶಿಕ್ಷಣ ನಿಧಿಗೂ ವಂತಿಗೆ ಸಲ್ಲಬೇಕು. ಉಳಿದದ್ದನ್ನು ಉಪವಿಧಿಯ ಪ್ರಕಾರ ಸಭೆ ವಿಲೇವಾರಿ ಮಾಡುತ್ತದೆ.

ಬೋನಸ್ ಹಂಚಿಕೆಯಾಗುವುದು ಹಾಕಿದ ಹಾಲಿನ ಮೊತ್ತಕ್ಕೆ ತಕ್ಕಂತೆ. ಆದ್ದರಿಂದ ಹತ್ತು ಹಸುಗಳ ಮನೆಗೆ ದೊಡ್ಡ ಪಾಲು ಬಂದರೆ, ಒಂದು ಹಸುವಿನ ಮನೆಗೆ ಬೂಸಾ ಚೀಲ ಕೊಳ್ಳುವಷ್ಟು ಬಂದರೆ ಹೆಚ್ಚು. ಇದು ಅನ್ಯಾಯವೆಂದು ನಾನು ಹೇಳುತ್ತಿಲ್ಲ, ಏಕೆಂದರೆ ಹೆಚ್ಚು ಹಾಲು ಹಾಕುವವರು ಖಾಸಗಿ ಡೇರಿಯ ಗಾಡಿಯತ್ತ ತಿರುಗಿದರೆ ನಿಮ್ಮ ಶೀತಲೀಕರಣ ಘಟಕ ಅರ್ಧ ಖಾಲಿಯಾಗಿ ನಿಲ್ಲುತ್ತದೆ. ಆದರೆ ಆ ಹೆಂಗಸರು ಡೇರಿ ಬಿಟ್ಟು ಹೋಟೆಲಿಗೆ ಹಾಲು ಕೊಟ್ಟರೆ, ಸರ್ಕಾರ ಸಹಕಾರ ಸಂಘದ ಹಾಲಿಗೆ ಲೀಟರಿಗೆ ಕೊಡುವ 5 ರೂಪಾಯಿ ಪ್ರೋತ್ಸಾಹಧನವೂ ಅವರ ಕೈತಪ್ಪುತ್ತದೆ. ಉಪಕೇಂದ್ರವನ್ನು ದಾನವೆಂದು ಸಭೆಯಲ್ಲಿ ಕರೆಯಬೇಡಿ. ಅವರೂ ಷೇರು ಹಣ ಕಟ್ಟಿದ ಸದಸ್ಯರೇ.

ಉತ್ತರ: ಹಾಲು ಉತ್ಪಾದಕ, ಚಿಂತಾಮಣಿ

ನಾನೂ ನಲವತ್ತು ಲೀಟರ್ ಹಾಕುವವರಲ್ಲಿ ಒಬ್ಬ. ಬೇಸಿಗೆಯಲ್ಲಿ ಕೊಳವೆಬಾವಿಯ ನೀರು ಇಳಿದು ಹಸಿರು ಮೇವನ್ನೂ ಹಣಕ್ಕೆ ತರಬೇಕಾದಾಗ, ನಮ್ಮ ಬಟವಾಡೆಯಲ್ಲಿ ಹಿಂಡಿಯ ಬಾಕಿ ಕಳೆದು ಉಳಿಯುವುದು ಅಷ್ಟಕ್ಕಷ್ಟೇ. ನಮ್ಮನ್ನು ಸಾಹುಕಾರರೆಂದು ಎಣಿಸುವುದು ಸರಿಯಲ್ಲ. ಉಪಕೇಂದ್ರಕ್ಕೆ ನನ್ನ ವಿರೋಧವಿಲ್ಲ, ಆಟೋಗೆ ಇದೆ. ಹಾಲು ಹತ್ತು ಲೀಟರ್ ಬಂದರೂ ಐವತ್ತು ಬಂದರೂ ಅದರ ಬಾಡಿಗೆ ಕಡಿಮೆಯಾಗುವುದಿಲ್ಲ. ಕಾಲೋನಿಯಲ್ಲೇ ದ್ವಿಚಕ್ರ ವಾಹನವಿರುವ ಒಬ್ಬರಿಗೆ ಲೀಟರಿಗೆ ಇಷ್ಟೆಂದು ಗೊತ್ತುಮಾಡಿ ಕ್ಯಾನ್ ತರುವ ಕೆಲಸ ವಹಿಸಿದರೆ, ಖರ್ಚು ಹಾಲಿನ ಜೊತೆಗೇ ಏರುತ್ತದೆ, ಇಳಿಯುತ್ತದೆ. ಆದರೆ ಫ್ಯಾಟ್ (ಕೊಬ್ಬು) ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿಯುವ ಘನಾಂಶ) ಪರೀಕ್ಷೆ ಅಲ್ಲಿಯೇ, ಪ್ರತಿಯೊಬ್ಬರ ಎದುರಿಗೇ ಆಗಬೇಕು. ಕ್ಯಾನಿಗೆ ಸುರಿದ ಮೇಲೆ ಯಾರ ಹಾಲು ತೆಳುವೆಂದು ಜಗಳ ಬಿಡಿಸಲಾಗದು.

ಮರುಉತ್ತರ: ಪ್ರಶ್ನೆ ಕೇಳಿದವರು

ನಿಮ್ಮ ಮಾತು ಓದಿ ಮೂರು ತಿಂಗಳ ಹಾಲಿನ ರಿಜಿಸ್ಟರ್ ತೆಗೆದು ನೋಡಿದೆ. ಕಾಲೋನಿಯ ಹೆಸರುಗಳ ಮುಂದೆ ಬೆಳಗಿನ ಕಾಲಂ ತುಂಬಿದೆ, ಸಂಜೆಯದು ಬಹುತೇಕ ಖಾಲಿ. ವಿಚಾರಿಸಿದಾಗ, ಕತ್ತಲಲ್ಲಿ ಅಷ್ಟು ದೂರ ನಡೆಯಲಾರದೆ ಸಂಜೆಯ ಹಾಲನ್ನು ರಸ್ತೆಬದಿಯ ಟೀ ಅಂಗಡಿಗೆ ಕೊಡುತ್ತಿದ್ದಾರೆಂದು ತಿಳಿಯಿತು. ಗಿಟ್ಟುವುದಿಲ್ಲವೆಂದು ನಾನು ಹಾಕಿದ ಲೆಕ್ಕದಲ್ಲಿ ಆ ಹಾಲು ಇರಲೇ ಇಲ್ಲ. ಅದನ್ನೂ ಸೇರಿಸಿ, ಆಟೋ ಬಿಟ್ಟು, ಸಭೆಗೆ ಹೊಸ ಅಂದಾಜು ಬರೆಯುತ್ತಿದ್ದೇನೆ.