ಡೈ ಕೊಡುವ ‘ದರ’ಕ್ಕೆ ಬೇರೆ ಪದ ಇದೆಯಾ?

ಎಲ್ಲರಿಗೂ ನಮಸ್ಕಾರ. ನಾನು ಕೋಲಾರದಲ್ಲಿ ಸಿಟಿ ಸ್ಕ್ಯಾನ್ ಟೆಕ್ನಿಷಿಯನ್. ಒಂದು ಪದಕ್ಕಾಗಿ ತಡಕಾಡುತ್ತಿದ್ದೇನೆ.

ಕೀಮೋ ತಗೊಳ್ಳುವವರಿಗೆ ತೋಳಿನಿಂದ ಹೃದಯದ ಹತ್ತಿರದ ದೊಡ್ಡ ರಕ್ತನಾಳದವರೆಗೆ ಒಂದು ಸಣ್ಣ ನಳಿಕೆ ಹಾಕಿರುತ್ತಾರೆ. ಪಿಕ್ ಲೈನ್ ಅಂತೀವಿ. ಸ್ಕ್ಯಾನಿನ ಚಿತ್ರದಲ್ಲಿ ಒಳಗಿನದು ಸ್ಪಷ್ಟವಾಗಿ ಕಾಣಲು ಕೊಡುವ ಔಷಧವಾದ ಡೈಯನ್ನು ಕೆಲವೊಮ್ಮೆ ಅದರಲ್ಲೇ ಯಂತ್ರದಿಂದ ತಳ್ಳಬೇಕಾಗುತ್ತದೆ. ತಡೆಯುವುದಕ್ಕಿಂತ ಜೋರಾಗಿ ತಳ್ಳಿದರೆ ನಳಿಕೆ ಒಳಗೇ ಒಡೆಯಬಹುದು, ತುದಿ ಜಾಗ ಬಿಟ್ಟು ಸರಿಯಬಹುದು. ಯಂತ್ರಕ್ಕೆಂದೇ ಮಾಡಿದ ಲೈನಿನ ಮೇಲೆ ಮಿತಿ ಅಚ್ಚಾಗಿರುತ್ತದೆ. ಎಷ್ಟೋ ಲೈನುಗಳಲ್ಲಿ ಅದು ಸೆಕೆಂಡಿಗೆ 5 ಎಂಎಲ್. ಮಿತಿ ಗೊತ್ತಿಲ್ಲದ ಲೈನಿಗೆ ನಾವು ಯಂತ್ರ ಜೋಡಿಸುವುದಿಲ್ಲ.

ಇದನ್ನೇ ಕನ್ನಡದ ಚೀಟಿಯಲ್ಲಿ ‘ಗರಿಷ್ಠ ದರ: 5’ ಎಂದು ಬರೆದೆ. ಮುಳಬಾಗಿಲು ಕಡೆಯ ರೈತರೊಬ್ಬರು ಅಮ್ಮನನ್ನು ಕರಕೊಂಡು ಬಂದಿದ್ದರು. ಓದಿ, ‘ಐದೇ ರೂಪಾಯಿನಾ ಸಾರ್? ಕೌಂಟರಲ್ಲಿ ಸಾವಿರಗಟ್ಲೆ ಕಟ್ಟಿಸ್ಕೊಂಡ್ರಲ್ಲ!’ ಅಂದರು. ಟೊಮೆಟೊ ಮಂಡಿಗೆ ಹೋಗಿ ಬರುವವರಿಗೆ ದರ ಅಂದರೆ ಇನ್ನೇನು?

‘ವೇಗ’ ಅಂದರೆ ದೂರದ ಲೆಕ್ಕವಾಯಿತು. ‘ಪ್ರಮಾಣ’ವೂ ಆಗದು, ಒಟ್ಟು 80 ಎಂಎಲ್ ಡೈ ಅನ್ನುವುದೂ ಪ್ರಮಾಣವೇ. ‘ಒತ್ತಡ’ ಬೇರೆಯೇ ಸಂಗತಿ. ಅದಕ್ಕೂ ಲೈನಿಗೆ ಮಿತಿ ಇದೆ, ಸಾಮಾನ್ಯವಾಗಿ 300 ಪಿಎಸ್ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ). ಡೈ ತಣ್ಣಗಿದ್ದರೆ ಮಂದವಾಗಿರುತ್ತದೆ, ಅದೇ 5 ಎಂಎಲ್ ತಳ್ಳಲು ಒತ್ತಡ ಜಾಸ್ತಿ ಬೇಕಾಗುತ್ತದೆ. ಅದಕ್ಕೇ ಬೆಚ್ಚಗೆ ಮಾಡಿ ಕೊಡುವುದು. ನಮ್ಮವರು ಎರಡಕ್ಕೂ ‘ಫೋರ್ಸು’ ಅಂದುಬಿಡುತ್ತಾರೆ. ಅಲ್ಲೇ ಎಡವಟ್ಟು.

ಕೊನೆಗೆ ಆ ರೈತರಿಗೆ ‘ಸೆಕೆಂಡಿಗೆ ಇಷ್ಟೇ ಎಂಎಲ್ ಬಿಡೋದು’ ಅಂದೆ. ‘ಓ, ಡ್ರಿಪ್ಪರ್ ಗಂಟೆಗೆ 4 ಲೀಟರ್ ಅಂತಾರಲ್ಲ, ಹಂಗೆ. ಜಾಸ್ತಿ ಬಿಟ್ರೆ ಪೈಪು ಕಿತ್ಕೊಂಡು ಹೋಗ್ತದೆ’ ಅಂದರು. ಬೋರಿನಲ್ಲಿ ‘ಎರಡಿಂಚು ನೀರು’ ಅನ್ನುವುದೂ ಹೀಗೇ ಅಲ್ವಾ? ದರ ಗಿರ ಏನೂ ಬೇಡ, ಅಂಕಿಯೇ ಎಲ್ಲ ಹೇಳಿಬಿಡುತ್ತದೆ.

ವಾಕ್ಯದಲ್ಲಾದರೆ ಹಾಗೆ ಬರೆಯಬಹುದು. ಚೀಟಿಯ ಕಾಲಮ್ಮಿಗೆ ಮಾತ್ರ ಒಂದು ಹೆಸರು ಬೇಕೇ ಬೇಕು. ಪತ್ರಿಕೆಗಳಲ್ಲಿ ಜಲಾಶಯದ ‘ಒಳಹರಿವು’ ಇಷ್ಟು ಕ್ಯುಸೆಕ್ ಎಂದು ಬರುತ್ತದೆ. ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ. ಅದೇ ಜಾಡಿನಲ್ಲಿ ‘ಡೈ ಹರಿವು’ ಅನ್ನಬಹುದಾ? ಒಂದೇ ಅನುಮಾನ: ಹರಿವು ಅಂದರೆ ತಾನಾಗಿ ಹರಿಯುವುದು, ಇಲ್ಲಿ ಯಂತ್ರ ತಳ್ಳುತ್ತದೆ. ‘ಬಿಡುವು’ ಅನ್ನೋಣವೆಂದರೆ ಜನ ರಜೆ ಅಂದುಕೊಂಡಾರು! ನಿಮ್ಮ ಕಡೆ ನೀರಗಂಟಿಗಳು, ಪಂಪ್‌ಸೆಟ್ ರಿಪೇರಿಯವರು ಇದಕ್ಕೆ ಏನಂತಾರೆ?