ಜಾವಾ ಹೀಪ್ (ಆಬ್ಜೆಕ್ಟ್ ಇಡುವ ಮೆಮೊರಿ) 400 ಎಂಬಿ, ಇಡೀ ಪ್ರೋಸೆಸ್ 1.8 ಜಿಬಿ. ಉಳಿದದ್ದನ್ನು ಎಲ್ಲಿ ಹುಡುಕಲಿ?

ತುಂಗಾತೀರ:
ನಮಸ್ಕಾರ. ತೀರ್ಥಹಳ್ಳಿ ಹತ್ತಿರ ಮನೆಯಿಂದಲೇ ಕೆಲಸ ಮಾಡುತ್ತೇನೆ. ಮಂಡಿಗಳಿಂದ ಅಡಿಕೆ ಧಾರಣೆ ತರಿಸಿ ಬೆಳೆಗಾರರ ಮೊಬೈಲಿಗೆ ಕಳಿಸುವ ಜಾವಾ ಪ್ರೋಗ್ರಾಂ ನನ್ನದು. ರಾಶಿ, ಬೆಟ್ಟೆ, ಸರಕು, ಗೊರಬಲು ಎಲ್ಲ ಬಗೆಯ ಅಡಿಕೆಯ ರೇಟೂ ಇದೆ. ಸರ್ವರ್ ಮೆಮೊರಿ 2 ಜಿಬಿ, ಎಕ್ಸ್‌ಎಂಎಕ್ಸ್ (ಹೀಪ್‌ನ ಗರಿಷ್ಠ ಮಿತಿ) 1 ಜಿಬಿ. ಮಳೆ ಹಿಡಿದ ಮೇಲೆ ಮೂರು ದಿನಕ್ಕೊಮ್ಮೆ ಪ್ರೋಗ್ರಾಂ ಸದ್ದಿಲ್ಲದೆ ನಿಂತು ಹೋಗುತ್ತಿದೆ. ಜಾವಾ ಲಾಗ್‌ನಲ್ಲಿ ಏನೂ ಇಲ್ಲ, ಕರ್ನಲ್ ಲಾಗ್ ನೋಡಿದರೆ ಮೆಮೊರಿ ಸಾಲದೆ ಲಿನಕ್ಸೇ ಅದನ್ನು ಕೊಂದಿದೆ. ಎರಡು ರಾತ್ರಿ ಹೀಪ್ ಡಂಪ್ (ಹೀಪ್‌ನಲ್ಲಿರುವುದರ ನಕಲು) ಕೆದಕಿದೆ, 400 ಎಂಬಿ ದಾಟಿಲ್ಲ. ಆರ್‌ಎಸ್‌ಎಸ್ (ಪ್ರೋಸೆಸ್ ನಿಜವಾಗಿ ಹಿಡಿದಿರುವ ಮೆಮೊರಿ) ಮಾತ್ರ 1.8 ಜಿಬಿ! ಧಾರಣೆ ನೋಡಿಯೇ ಚೀಲ ಗಾಡಿಗೆ ಹಾಕುವವರಿದ್ದಾರೆ. ಅವರಿಗೆ ಏನು ಹೇಳಲಿ?

ಸಾಗರದವ:
ಎಕ್ಸ್‌ಎಂಎಕ್ಸ್ ಹೀಪ್‌ಗೆ ಮಾತ್ರ ಕಟ್ಟಿದ ಬೇಲಿ ಮಾರಾಯ್ರೇ. ಮೆಟಾಸ್ಪೇಸ್, ಕೋಡ್ ಕ್ಯಾಶ್, ಡೈರೆಕ್ಟ್ ಬಫರ್, ಥ್ರೆಡ್ ಸ್ಟ್ಯಾಕ್ ಎಂಬ ಜಾವಾದ ಬೇರೆ ಮೆಮೊರಿ ಭಾಗಗಳೆಲ್ಲ ಅದರ ಹೊರಗೆ. ನೇಟಿವ್ ಮೆಮೊರಿ ಟ್ರ್ಯಾಕಿಂಗ್ (ಹೀಪ್ ಹೊರಗಿನದರ ಲೆಕ್ಕವನ್ನೂ ಇಡುವ ಸೌಲಭ್ಯ) ಆನ್ ಮಾಡಿ ಪ್ರೋಗ್ರಾಂ ಶುರು ಮಾಡಿ. ಸ್ವಲ್ಪ ನಿಧಾನವಾಗುತ್ತದೆ, ಪರವಾಗಿಲ್ಲ. ಒಂದು ಗಂಟೆ ಬಿಟ್ಟು ಜೆಸಿಎಂಡಿ ಎಂಬ ಜಾವಾ ಕಮಾಂಡ್‌ನಿಂದ ಬೇಸ್‌ಲೈನ್ (ಹೋಲಿಸಲು ಆಗಿನ ಲೆಕ್ಕ) ತೆಗೆದಿಡಿ, ನಾಳಿದ್ದು ಡಿಫ್ (ವ್ಯತ್ಯಾಸ) ನೋಡಿ. ಎಕ್ಸ್‌ಎಂಎಕ್ಸ್ ಜಾಸ್ತಿ ಮಾತ್ರ ಮಾಡಬೇಡಿ, ಇನ್ನೂ ಬೇಗ ಸಾಯುತ್ತದೆ.

ತುಂಗಾತೀರ:
ಎರಡು ದಿನ ಆಯ್ತು. ಡಿಫ್‌ನಲ್ಲಿ ಏರಿದ್ದು ಬರೀ 12 ಎಂಬಿ. ಅದೇ ಹೊತ್ತಿಗೆ ಆರ್‌ಎಸ್‌ಎಸ್ 600 ಎಂಬಿ ಏರಿದೆ.

ಮಳೆನಾಡಿಗ:
ಇದು ಒಳ್ಳೆ ಸುಳಿವು. ಜಾವಾ ಪ್ರೋಗ್ರಾಂ ಓಡಿಸುವ ಜೆವಿಎಂ ತಾನೇ ಪಡೆದದ್ದನ್ನು ಮಾತ್ರ ಆ ಲೆಕ್ಕದಲ್ಲಿ ಬರೆಯುತ್ತದೆ. ಜಿಜಿಪ್ (ಕುಗ್ಗಿಸಿದ ಫೈಲ್) ಬಿಚ್ಚುವ ಜೆಡ್‌ಲಿಬ್ ಲೈಬ್ರರಿ ನೇರವಾಗಿ ಮ್ಯಾಲಕ್ ಮಾಡುವುದು (ತಾನೇ ಮೆಮೊರಿ ಕೇಳಿ ಪಡೆಯುವುದು) ಅದರಲ್ಲಿ ಕಾಣುವುದಿಲ್ಲ. ಜಿಜಿಪ್ ಫೈಲ್ ತೆರೆಯುತ್ತೀರಾ? ಕ್ಲೋಸ್ ಮಾಡದ ಒಂದೊಂದು ಸ್ಟ್ರೀಮೂ ಹೊರಗೆ 32 ಕೆಬಿ ವಿಂಡೋ (ಬಿಚ್ಚಲು ಬೇಕಾದ ಮೆಮೊರಿ) ಹಿಡಿದು ಕೂರುತ್ತದೆ. ಹೀಪ್‌ನಲ್ಲಿ ಅದರ ಆಬ್ಜೆಕ್ಟ್ ಚಿಕ್ಕದು, ಹಾಗಾಗಿ ಡಂಪ್‌ನಲ್ಲಿ ಕಣ್ಣಿಗೆ ಬೀಳಲ್ಲ. ಜಿಸಿ (ಬೇಡದ ಆಬ್ಜೆಕ್ಟ್ ಗುಡಿಸುವ ಜಾವಾದ ವ್ಯವಸ್ಥೆ) ಬಂದಾಗ ಬಿಡುಗಡೆ ಆಗುತ್ತದೆ ನಿಜ. ಆದರೆ ನಿಮ್ಮ ಹೀಪ್ ಅರ್ಧಕ್ಕರ್ಧ ಖಾಲಿ, ಹಳೇ ಆಬ್ಜೆಕ್ಟ್ ಗುಡಿಸಲು ಜಿಸಿಗೆ ಏನು ಅವಸರ? ಮೊದಲು ಎರರ್ ಬಂದಾಗ ಕೋಡ್ ಹೋಗುವ ದಾರಿಯಲ್ಲಿ ಸ್ಟ್ರೀಮ್ ಕ್ಲೋಸ್ ಆಗುತ್ತದೆಯೇ ನೋಡಿ.

ತುಂಗಾತೀರ:
ಸಿಕ್ಕಿತು! ಮಳೆಗೆ ನೆಟ್ ಕಡಿದು ಒಂದು ಮಂಡಿಯ ಫೈಲ್ ಅರ್ಧವೇ ಬರುತ್ತಿತ್ತು. ಎಕ್ಸೆಪ್ಶನ್ (ಎರರ್) ಬಂದ ಕೂಡಲೇ ಕೋಡ್ ಕ್ಲೋಸ್ ಮಾಡದೆ ಹೊರಗೆ ಹಾರುತ್ತಿತ್ತು, 5 ಸೆಕೆಂಡಿಗೊಮ್ಮೆ ಮತ್ತೆ ಅದೇ ಫೈಲ್ ತೆರೆಯುತ್ತಿತ್ತು. ಸ್ಟ್ರೀಮನ್ನು ಟ್ರೈ ಆವರಣದೊಳಗೆ ತೆರೆದೆ, ಈಗ ತಾನಾಗಿಯೇ ಕ್ಲೋಸ್ ಆಗುತ್ತದೆ. ಮ್ಯಾಲಕ್ ಅರೀನಾ (ಮ್ಯಾಲಕ್ ಮೆಮೊರಿ ತೆಗೆದಿಡುವ ಗುಂಪು) ಮಿತಿಯನ್ನೂ 2ಕ್ಕೆ ಇಳಿಸಿದೆ. ಐದು ದಿನದಿಂದ ಆರ್‌ಎಸ್‌ಎಸ್ 700 ಎಂಬಿ ಆಸುಪಾಸಿನಲ್ಲೇ ಇದೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಇವತ್ತಿನ ರಾಶಿ ರೇಟು ಎಲ್ಲರಿಗೂ ಹೋಗಿದೆ.